ಮಾಂತ್ರಿಕನೂ ಗೆಳೆಯರ ಹಂಗೂ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ನಾಲ್ಕನೇ ಲೆವೆಲ್ ಮುಗಿಸಿದ ವಿಜರ್ಡ್ ಮುಂದೆ ಎರಡು ದಾರಿಗಳಿರುತ್ತವೆ. ವಿಜರ್ಡ್ ಆಗಿಯೇ ಐದನೇ ಲೆವೆಲ್‌ಗೆ ಕಾಲಿಟ್ಟರೆ ಮೂರನೇ ಹಂತದ ಮಂತ್ರಗಳು ಕೈಗೆ ಬರುತ್ತವೆ. ಆಟಗಾರರು ತಿಂಗಳುಗಟ್ಟಲೆ ಕಾಯುವ ಫೈರ್‌ಬಾಲ್ ಸಿಗುವುದು ಅಲ್ಲೇ. ಅದರ ಬದಲು ಆ ಒಂದು ಲೆವೆಲನ್ನು ಕ್ಲೆರಿಕ್ ಕ್ಲಾಸಿಗೆ ಕೊಟ್ಟರೆ ಕವಚ ತೊಡುವ, ಗುರಾಣಿ ಹಿಡಿಯುವ ಅರ್ಹತೆ ಬರುತ್ತದೆ, ಜೊತೆಗೆ ಗಾಯ ಮಾಯಿಸುವ ಮಂತ್ರಗಳೂ. ಹೀಗೆ ಒಂದೇ ಪಾತ್ರದಲ್ಲಿ ಎರಡು ಕ್ಲಾಸ್ ಬೆರೆಸುವುದಕ್ಕೆ ಮಲ್ಟಿಕ್ಲಾಸ್ ಎನ್ನುತ್ತಾರೆ. ಬೆರೆಸಬೇಕೇ, ಬೇಡವೇ ಎಂಬ ಚರ್ಚೆ ಎದ್ದಾಗಲೆಲ್ಲ ಮಾತು ಲೆಕ್ಕದ ಸುತ್ತಲೇ ತಿರುಗುತ್ತದೆ: ಎಷ್ಟು ಏಟು ಹೆಚ್ಚಿತು, ಎಷ್ಟು ರಕ್ಷಣೆ ಸಿಕ್ಕಿತು. ಲೆಕ್ಕ ಬೇಕು, ಮುಂದೆ ನಾನೂ ಮಾಡುತ್ತೇನೆ. ಆದರೆ ಮಂತ್ರ ಹಾಕುವ ಪಾತ್ರದ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎಂಬುದು ನನ್ನ ವಾದ. ಈ ಮಿಶ್ರಣದಿಂದ ಮಾಂತ್ರಿಕನಿಗೆ ಗೆಳೆಯರ ಹಂಗು ಹೆಚ್ಚುತ್ತದೆಯೋ, ತಪ್ಪುತ್ತದೆಯೋ? ತಪ್ಪುವುದಾದರೆ, ಪಾತ್ರ ಎಷ್ಟೇ ಬಲಿಷ್ಠವಾದರೂ ಆಟ ಬಡವಾಗುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಡಂಜನ್ ಮಾಸ್ಟರ್, ಬಾಯಿಮಾತಿನಲ್ಲಿ ಡಿಎಂ. ಲೋಕವನ್ನೂ ಶತ್ರುಗಳನ್ನೂ ನಡೆಸುವವರು ಅವರು. ಉಳಿದವರಿಗೆ ತಲಾ ಒಂದು ಪಾತ್ರ. ಆ ಪಾತ್ರ ಏನು ಮಾಡಬಲ್ಲದು ಎಂಬುದನ್ನು ಅದರ ಕ್ಲಾಸ್ ಹೇಳುತ್ತದೆ. ಫೈಟರ್ ಆಯುಧ ಹಿಡಿದು ಮುಂದೆ ನಿಲ್ಲುತ್ತಾನೆ, ರೋಗ್ ಬೀಗ ತೆಗೆಯುತ್ತಾನೆ, ನೆರಳಿನಲ್ಲಿ ಅಡಗುತ್ತಾನೆ, ಕ್ಲೆರಿಕ್ ದೈವಬಲದಿಂದ ಗಾಯ ವಾಸಿ ಮಾಡುತ್ತಾನೆ, ವಿಜರ್ಡ್ ಪುಸ್ತಕ ಓದಿ ಮಂತ್ರ ಕಲಿಯುತ್ತಾನೆ. ಸಾಹಸ ಮುಂದುವರಿದಂತೆ ಲೆವೆಲ್ ಒಂದರಿಂದ ಇಪ್ಪತ್ತರವರೆಗೆ ಏರುತ್ತದೆ. ಏಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟವನ್ನು ಪ್ರಕಟಿಸಿದಾಗ ಅದರಲ್ಲಿದ್ದದ್ದು ಮೂರೇ ಕ್ಲಾಸ್: ಹೋರಾಟಗಾರ, ಮಾಂತ್ರಿಕ, ಕ್ಲೆರಿಕ್. ಕಳ್ಳನ ಕ್ಲಾಸ್ ಸೇರಿದ್ದು ಮರುವರ್ಷ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂದ ಆ ಪುಟ್ಟ ಪುಸ್ತಕಗಳಲ್ಲಿ ಮಾಂತ್ರಿಕನಿಗೆ ಕವಚ ನಿಷಿದ್ಧ, ಆಯುಧವೆಂದರೆ ಕಠಾರಿ ಮಾತ್ರ. ಮಂತ್ರದಲ್ಲೂ ಧಾರಾಳತನವಿಲ್ಲ. ಜ್ಯಾಕ್ ವಾನ್ಸ್ 1950ರಲ್ಲಿ ಪ್ರಕಟಿಸಿದ ‘ದ ಡೈಯಿಂಗ್ ಅರ್ತ್’ ಕಥೆಗಳಲ್ಲಿ ಮಾಂತ್ರಿಕರು ಮಂತ್ರವನ್ನು ತಲೆಯಲ್ಲಿ ತುಂಬಿಕೊಂಡು ಹೊರಡುತ್ತಾರೆ. ಒಮ್ಮೆ ಉಚ್ಚರಿಸಿದರೆ ಅದು ನೆನಪಿನಿಂದ ಅಳಿಸಿಹೋಗುತ್ತದೆ. ಗೈಗ್ಯಾಕ್ಸ್ ಈ ಕಲ್ಪನೆಯನ್ನು ತಮ್ಮ ಆಟಕ್ಕೆ ತಂದರು. ಮೊದಲ ಲೆವೆಲ್ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ. ಅದು ಖರ್ಚಾದ ಮೇಲೆ ಕಠಾರಿ ಹಿಡಿದು ಬೇರೆಯವರ ಬೆನ್ನ ಹಿಂದೆ ನಿಲ್ಲಬೇಕು.

ಈ ದೌರ್ಬಲ್ಯದ ಹಿಂದೆ ವಿವೇಕವಿತ್ತು. ಮೊದಲ ಹಂತದ ಸ್ಲೀಪ್ ಎಂಬ ಮಂತ್ರ ಒಂದೇ ಸಲಕ್ಕೆ ಗಾಬ್ಲಿನ್‌ಗಳ ಇಡೀ ಗುಂಪನ್ನು ಮಲಗಿಸಬಲ್ಲದು. ಅಂಥದ್ದನ್ನು ಒಬ್ಬನ ಕೈಗೆ ಕೊಟ್ಟ ಮೇಲೆ ಅವನನ್ನು ಉಳಿದವರ ಹಂಗಿನಲ್ಲಿ ಇಡದೆ ಗತ್ಯಂತರವಿಲ್ಲ. ಹೋರಾಟಗಾರ ಬಾಗಿಲಲ್ಲಿ ತಡೆದು ನಿಂತರೆ ಮಾತ್ರ ಮಾಂತ್ರಿಕನಿಗೆ ಬಾಯಿ ತೆರೆಯಲು ಪುರುಸೊತ್ತು. ಮಾಂತ್ರಿಕ ಬಾಯಿ ತೆರೆದರೆ ಮಾತ್ರ ಹೋರಾಟಗಾರ ಜೀವಸಹಿತ ಹೊರಬರುವುದು. ಐದು ಜನ ಒಂದೇ ಗುಹೆಗೆ ಒಟ್ಟಾಗಿ ಇಳಿಯಲು ಇದಕ್ಕಿಂತ ಗಟ್ಟಿ ಕಾರಣವನ್ನು ಯಾವ ಕಥೆಯೂ ಒದಗಿಸಲಾರದು.

ಆದರೂ ಮಿಶ್ರಣದ ಆಸೆ ಮೊದಲ ದಿನದಿಂದಲೂ ಇತ್ತು. 1974ರ ನಿಯಮದಲ್ಲೇ ಎಲ್ಫ್ ಕುಲದ ಪಾತ್ರ ಒಂದು ಸಾಹಸಕ್ಕೆ ಹೋರಾಟಗಾರನಾಗಿ, ಇನ್ನೊಂದಕ್ಕೆ ಮಾಂತ್ರಿಕನಾಗಿ ಹೋಗಬಹುದಿತ್ತು. 1978ರ ಅಡ್ವಾನ್ಸ್ಡ್ ಆವೃತ್ತಿಯ ಆಟಗಾರರ ಕೈಪಿಡಿ ಇದನ್ನು ಎರಡು ಬಗೆಯ ನಿಯಮವಾಗಿ ಕಟ್ಟಿತು. ಎಲ್ಫ್, ಡ್ವಾರ್ಫ್ ಮುಂತಾದವರು ಎರಡು ಮೂರು ಕ್ಲಾಸುಗಳಲ್ಲಿ ಒಟ್ಟಿಗೇ ಬೆಳೆಯಬಹುದು, ಗಳಿಸಿದ ಅನುಭವದ ಅಂಕಗಳನ್ನು ಅವುಗಳಿಗೆ ಸಮನಾಗಿ ಹಂಚಬೇಕು. ಮನುಷ್ಯನಾದರೆ ಒಂದು ಕ್ಲಾಸನ್ನು ಅಲ್ಲಿಗೇ ನಿಲ್ಲಿಸಿ ಇನ್ನೊಂದನ್ನು ಮೊದಲಿನಿಂದ ಶುರುಮಾಡಬೇಕು. ಹಳೆಯದಕ್ಕೆ ಬೇಕಾದ ಮುಖ್ಯ ಗುಣದ (ಬಲ, ಬುದ್ಧಿ ಇತ್ಯಾದಿ) ಅಂಕ ಕನಿಷ್ಠ 15, ಹೊಸದಕ್ಕೆ ಬೇಕಾದದ್ದು 17 ಇರಬೇಕು. ಹೊಸ ವಿದ್ಯೆ ಹಳೆಯದನ್ನು ಮೀರುವ ಮುಂಚೆ ಹಳೆಯದನ್ನು ಬಳಸಿದರೆ ಗಳಿಕೆಗೆ ಪೆಟ್ಟು.

ಅಂಕ ಹಂಚುವ ನಿಯಮ ಬಿಗಿಯಾಗಿ ಕಂಡರೂ ಒಳಗೆ ಬಹಳ ಉದಾರವಾಗಿತ್ತು. 1989ರ ಎರಡನೇ ಆವೃತ್ತಿಯ ಪಟ್ಟಿಯಲ್ಲಿ ವಿಜರ್ಡ್ ಐದನೇ ಲೆವೆಲ್ ಮುಟ್ಟಲು 20,000 ಅಂಕ ಬೇಕು, ಆರನೆಯದಕ್ಕೆ 40,000. ಫೈಟರ್‌ಗೆ ಐದನೆಯದು 16,000ಕ್ಕೇ ಸಿಗುತ್ತದೆ. 40,000 ಗಳಿಸಿದ ಬರೀ ವಿಜರ್ಡ್ ಆರನೇ ಲೆವೆಲ್ಲಿನಲ್ಲಿ ಇರುವಾಗ, ಅಷ್ಟನ್ನೇ ಗಳಿಸಿ ಅರ್ಧರ್ಧ ಹಂಚಿಕೊಂಡ ಎಲ್ಫ್ ಐದನೇ ಲೆವೆಲ್ ವಿಜರ್ಡೂ ಹೌದು, ಐದನೇ ಲೆವೆಲ್ ಫೈಟರೂ ಹೌದು. ಕೆಳಗಿನ ಲೆವೆಲ್‌ಗಳಲ್ಲಿ ಬೇಕಾದ ಅಂಕ ಪ್ರತಿ ಮೆಟ್ಟಿಲಿಗೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಾಗಾಗಿ ಅರ್ಧ ಬಿಟ್ಟುಕೊಟ್ಟರೂ ಹಿಂದೆ ಬೀಳುವುದು ಒಂದೇ ಮೆಟ್ಟಿಲು. ಇಷ್ಟು ಉದಾರವಾದ ನಿಯಮ ಕೂಡ ಒಂದು ಗೆರೆಯನ್ನು ಮಾತ್ರ ಅಳಿಸಲಿಲ್ಲ. ಕವಚ ತೊಟ್ಟು ವಿಜರ್ಡ್ ಮಂತ್ರ ಹಾಕುವಂತಿರಲಿಲ್ಲ. ಎಲ್ಫರು ಹೆಣೆದ ವಿಶೇಷ ಸರಪಳಿ ಅಂಗಿಯೊಂದೇ ಅಪವಾದ.

2000ದಲ್ಲಿ ಬಂದ ಮೂರನೇ ಆವೃತ್ತಿ ಎಲ್ಲವನ್ನೂ ಕಿತ್ತು ಹೊಸದಾಗಿ ಜೋಡಿಸಿತು. ಆಗ ಆಟ ವಿಜರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯ ಕೈಗೆ ಬಂದಿತ್ತು. ಎಲ್ಲ ಕ್ಲಾಸಿಗೂ ಒಂದೇ ಅಂಕಪಟ್ಟಿ. ಪ್ರತಿ ಸಲ ಲೆವೆಲ್ ಏರಿದಾಗ ಯಾವ ಕ್ಲಾಸಿನಲ್ಲಿ ಏರಬೇಕು ಎಂಬುದು ಆಟಗಾರನ ಆಯ್ಕೆ. ಈ ಸ್ವಾತಂತ್ರ್ಯ ಕತ್ತಿ ಹಿಡಿಯುವವರಿಗೆ ಒಗ್ಗಿತು, ಮಂತ್ರ ಹಾಕುವವರಿಗೆ ಒಗ್ಗಲಿಲ್ಲ. ಐದು ಲೆವೆಲ್ ವಿಜರ್ಡ್, ಐದು ಲೆವೆಲ್ ಕ್ಲೆರಿಕ್ ಆದವನು ಹತ್ತನೇ ಲೆವೆಲ್ಲಿನ ಶತ್ರುಗಳ ಎದುರು ಮೂರನೇ ಹಂತದ ಮಂತ್ರ ಹಿಡಿದು ನಿಲ್ಲುತ್ತಿದ್ದ. ಪಕ್ಕದ ವಿಜರ್ಡ್ ಐದನೇ ಹಂತದ್ದನ್ನು ಹಾಕುತ್ತಿದ್ದ. ಇದಕ್ಕೆ 2003ರ ಪರಿಷ್ಕೃತ ಪುಸ್ತಕದಲ್ಲಿ ಕಂಡುಕೊಂಡ ಮದ್ದು ಮಿಸ್ಟಿಕ್ ಥಿಯರ್ಜ್ ಎಂಬ ವಿಶೇಷ ಕ್ಲಾಸ್. ಮೂರು ಲೆವೆಲ್ ವಿಜರ್ಡ್, ಮೂರು ಲೆವೆಲ್ ಕ್ಲೆರಿಕ್ ಮುಗಿಸಿದವನು ಇದನ್ನು ಹಿಡಿದರೆ ಮುಂದಿನ ಪ್ರತಿ ಲೆವೆಲ್ಲಿನಲ್ಲೂ ಎರಡೂ ಬಗೆಯ ಮಂತ್ರಗಳು ಒಟ್ಟಿಗೇ ಬೆಳೆಯುತ್ತವೆ. ಆದರೂ ಆರಂಭದ ಆ ಮೂರು ಲೆವೆಲ್ಲಿನ ಬಾಕಿ ತೀರುವುದಿಲ್ಲ. ಏಳನೇ ಲೆವೆಲ್ಲಿನಲ್ಲಿ ಬರೀ ವಿಜರ್ಡ್ ನಾಲ್ಕನೇ ಹಂತದ ಮಂತ್ರ ಹಾಕುವಾಗ ಇವನಿಗೆ ಎರಡನೇ ಹಂತವೇ ಗತಿ. ಥಿಯರ್ಜ್ ಬಗ್ಗೆ ನನಗೆ ಮೆಚ್ಚುಗೆಯಿದೆ. ಅದರ ಬೆಲೆ ಮರೆಯಿಲ್ಲದೆ ಎದುರಿಗೇ ಕಾಣುತ್ತದೆ, ಬೆಲೆ ತೆತ್ತವನಿಗೆ ಸಿಗುವುದು ತಂಡದವರಿಗೂ ಉಪಯೋಗಕ್ಕೆ ಬರುತ್ತದೆ. ಕವಚದ ಗೆರೆಯೂ ಈ ಆವೃತ್ತಿಯಲ್ಲಿ ಬೇರೆ ರೂಪದಲ್ಲಿ ಉಳಿದಿತ್ತು: ಫುಲ್ ಪ್ಲೇಟ್ ತೊಟ್ಟ ವಿಜರ್ಡ್ ಹಾಕಿದ ಮಂತ್ರ ಕೆಟ್ಟುಹೋಗುವ ಸಾಧ್ಯತೆ ನೂರಕ್ಕೆ 35.

2014ರ ಐದನೇ ಆವೃತ್ತಿಯಲ್ಲಿ ಆ ಗೆರೆ ಉಳಿದಿರಲಿಲ್ಲ. ಯಾವ ಕವಚದಲ್ಲಿ ತರಬೇತಿ ಇದೆಯೋ ಆ ಕವಚದಲ್ಲಿ ಮಂತ್ರ ಹಾಕಬಹುದು ಎಂದು ನಿಯಮ ಬಂತು. ಮಂತ್ರ ಹಾಕುವವರಿಗಾಗಿ ಇನ್ನೊಂದು ಉಪಕಾರವನ್ನೂ ಮಾಡಿದರು. ಬಾರ್ಡ್, ಕ್ಲೆರಿಕ್, ಡ್ರೂಯಿಡ್, ಸಾರ್ಸರರ್, ವಿಜರ್ಡ್, ಈ ಐದು ಕ್ಲಾಸುಗಳ ಲೆವೆಲ್‌ಗಳನ್ನು ಪೂರ್ತಿಯಾಗಿ, ಪ್ಯಾಲಡಿನ್ ಮತ್ತು ರೇಂಜರ್ ಲೆವೆಲ್‌ಗಳನ್ನು ಅರ್ಧಮಾಡಿ ಕೂಡಿಸಿ, ಬಂದ ಮೊತ್ತಕ್ಕೆ ತಕ್ಕಷ್ಟು ಸ್ಪೆಲ್ ಸ್ಲಾಟ್ ಕೊಡುತ್ತಾರೆ. ಸ್ಲಾಟ್ ಎಂದರೆ ದಿನಕ್ಕೆ ಮಂತ್ರ ಹಾಕಲು ಸಿಗುವ ಬಲದ ಪಾಲು. ಆದರೆ ಯಾವ ಮಂತ್ರ ಕಲಿಯಬಹುದು ಎಂಬುದನ್ನು ಮಾತ್ರ ಆಯಾ ಕ್ಲಾಸಿನ ಲೆವೆಲ್ ನೋಡಿ, ಬೇರೆ ಬೇರೆಯಾಗಿಯೇ ತೀರ್ಮಾನಿಸಬೇಕು. ಹೊಸದಾಗಿ ಮಲ್ಟಿಕ್ಲಾಸ್ ಮಾಡುವವರಲ್ಲಿ ಬಹಳ ಜನ ಎಡವುವುದು ಇಲ್ಲೇ. ದೊಡ್ಡ ಸ್ಲಾಟ್ ಕೈಯಲ್ಲಿರುತ್ತದೆ, ಅದರಲ್ಲಿ ಹಾಕಲು ದೊಡ್ಡ ಮಂತ್ರ ಇರುವುದಿಲ್ಲ.

ಐದು ಲೆವೆಲ್ ವಿಜರ್ಡ್, ಐದು ಲೆವೆಲ್ ಕ್ಲೆರಿಕ್ ಆದ ಪಾತ್ರವನ್ನೇ ಮತ್ತೆ ತೆಗೆದುಕೊಳ್ಳಿ. ಅವನಿಗೆ ಹತ್ತನೇ ಲೆವೆಲ್ ವಿಜರ್ಡ್‌ಗೆ ಇರುವಷ್ಟೇ ಸ್ಲಾಟ್‌ಗಳಿವೆ, ಐದನೇ ಹಂತದವು ಎರಡು ಸೇರಿ. ಐದನೇ ಹಂತದ ಸ್ಲಾಟಿನಲ್ಲಿ ಫೈರ್‌ಬಾಲ್ ಎಸೆದರೆ ಆರು ಮುಖದ ದಾಳ ಹತ್ತು ಬೀಳುತ್ತವೆ, ಸರಾಸರಿ 35 ಅಂಕದ ಏಟು. ಬರೀ ವಿಜರ್ಡ್ ಅದೇ ಸ್ಲಾಟಿನಲ್ಲಿ ಕೋನ್ ಆಫ್ ಕೋಲ್ಡ್ ಹಾಕಿದರೆ ಎಂಟು ಮುಖದ ದಾಳ ಎಂಟು, ಸರಾಸರಿ 36. ಒಂದೇ ಅಂಕದ ವ್ಯತ್ಯಾಸ! ಇದನ್ನು ನೋಡಿ ಮಿಶ್ರಣ ಬಹುತೇಕ ಪುಕ್ಕಟೆ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೇಲಿನ ಹಂತದ ಮಂತ್ರಗಳ ಹೆಚ್ಚುಗಾರಿಕೆ ಏಟಿನಲ್ಲಿ ಇಲ್ಲ. ಐದನೇ ಹಂತದಲ್ಲಿ ಸಿಗುವ ವಾಲ್ ಆಫ್ ಫೋರ್ಸ್ ಕಾಳಗದ ಬಯಲನ್ನೇ ಎರಡಾಗಿ ಸೀಳಿ ಅರ್ಧ ಶತ್ರುಗಳನ್ನು ಆಚೆಗೆ ಕೂರಿಸುತ್ತದೆ. ಸ್ಕ್ರೈಯಿಂಗ್ ದೂರದೂರಿನಲ್ಲಿರುವ ವೈರಿಯನ್ನು ಕಣ್ಣಿಗೆ ತೋರಿಸುತ್ತದೆ. ಟೆಲಿಪೋರ್ಟೇಶನ್ ಸರ್ಕಲ್ ವಾರಗಳ ಪ್ರಯಾಣವನ್ನು ಒಂದು ಹೆಜ್ಜೆಗೆ ಇಳಿಸುತ್ತದೆ. ಕಥೆಯ ದಿಕ್ಕನ್ನೇ ತಿರುಗಿಸುವ ಇಂಥ ಮಂತ್ರಗಳು ಮಿಶ್ರಣದವನಿಗೆ ದೊಡ್ಡ ಸ್ಲಾಟಿದ್ದರೂ ಸಿಗುವುದಿಲ್ಲ. ಬದಲಿಗೆ ಅವನು ಸತ್ತ ಗೆಳೆಯನನ್ನು ನಿಮಿಷದೊಳಗೆ ಬದುಕಿಸುವ ರಿವಿವಿಫೈ ಹಾಕಬಲ್ಲ, 300 ಚಿನ್ನದ ನಾಣ್ಯ ಬೆಲೆಯ ವಜ್ರ ಚೀಲದಲ್ಲಿದ್ದರೆ. ಇದು ನ್ಯಾಯವಾದ ವಿನಿಮಯ. ಸಿಗುವುದೂ ದೊಡ್ಡದು, ಬಿಡುವುದೂ ದೊಡ್ಡದು, ತಂಡಕ್ಕೆ ಇಂಥವನೊಬ್ಬ ಬೇಕೋ ಎಂದು ಕೂತು ಮಾತನಾಡಬಹುದಾದ ಸಂಗತಿ.

ನನ್ನ ತಕರಾರು ಇರುವುದು ಒಂದೇ ಒಂದು ಲೆವೆಲ್ ಅದ್ದಿ ತೆಗೆಯುವ ಮಿಶ್ರಣದ ಬಗ್ಗೆ, ಅದರಲ್ಲೂ ಕವಚಕ್ಕಾಗಿಯೇ ಮಾಡುವುದರ ಬಗ್ಗೆ. ಬೆಂಗಳೂರಿನ ನಮ್ಮ ಗುಂಪಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ವಿಜರ್ಡ್ ಆಡುತ್ತಿದ್ದ ಗೆಳೆಯ ಐದನೇ ಲೆವೆಲ್ಲಿಗೆ ಬಂದಾಗ ಕ್ಲೆರಿಕ್ ಆರಿಸಿಕೊಂಡ. ನಿಯಮದ ಪ್ರಕಾರ ಬುದ್ಧಿ ಮತ್ತು ವಿವೇಕ ಎರಡೂ ಗುಣ 13 ಇರಬೇಕು, ಅವನಿಗೆ ಇದ್ದವು. 50 ನಾಣ್ಯಕ್ಕೆ ಸ್ಕೇಲ್ ಮೇಲ್ ಕವಚ ಕೊಂಡ, 10 ನಾಣ್ಯಕ್ಕೆ ಗುರಾಣಿ. ಸ್ಕೇಲ್ ಮೇಲ್‌ಗೆ 14, ಚುರುಕುತನಕ್ಕೆ 2, ಗುರಾಣಿಗೆ 2. ಅವನ ರಕ್ಷಣಾಂಕ, ಅಂದರೆ ಏಟು ತಾಗಲು ಶತ್ರುವಿನ ದಾಳದ ಮೊತ್ತ ಮುಟ್ಟಬೇಕಾದ ಅಂಕ, 18 ಆಯಿತು. ನಮ್ಮ ಫೈಟರ್ ಚೈನ್ ಮೇಲ್ ತೊಟ್ಟು ಗುರಾಣಿ ಹಿಡಿದವಳು: 16ಕ್ಕೆ 2 ಸೇರಿ ಅವಳದ್ದೂ 18. ಹಿಂದೆ ಅವನಿಗೆ ಮೇಜ್ ಆರ್ಮರ್ ಮಂತ್ರ ಹಾಕಿಕೊಂಡರೂ ಇದ್ದದ್ದು 15. ದಾಳಿಗೆ 5 ಕೂಡಿಸಿಕೊಳ್ಳುವ ಓರ್ಕ್ ಒಬ್ಬ ಕೊಡಲಿ ಬೀಸಿದರೆ 15ರವನಿಗೆ ನೂರಕ್ಕೆ 55 ಸಲ ಏಟು ಬೀಳುತ್ತದೆ, 18ರವನಿಗೆ 40 ಸಲ. ವಿಜರ್ಡ್‌ಗೆ ಶೀಲ್ಡ್ ಎಂಬ ಮಂತ್ರವೂ ಇದೆ; ಏಟು ಬೀಳುವ ಹೊತ್ತಿಗೆ ಹಾಕಿದರೆ ರಕ್ಷಣೆ 5 ಏರುತ್ತದೆ. ಈಗ 23. ಓರ್ಕ್‌ನ ಕೊಡಲಿ ತಾಗುವುದು ನೂರಕ್ಕೆ 15 ಸಲ ಮಾತ್ರ.

ಆ ವಾರದ ಕಾಳಗದಲ್ಲಿ ಓರ್ಕ್‌ಗಳು ಸಾಲುಗಟ್ಟಿ ಬಂದವು. ಫೈಟರ್ ಆಡುವ ಗೆಳತಿ ಎಂದಿನಂತೆ ಬಾಗಿಲಿಗೆ ಅಡ್ಡ ನಿಂತಳು. ವಿಜರ್ಡ್ ಅವಳ ಪಕ್ಕಕ್ಕೇ ಬಂದು ನಿಂತ, ಅವಳಿಗಿಂತ ಸಲೀಸಾಗಿ ಏಟು ತಪ್ಪಿಸಿಕೊಂಡ. ಮೂರನೇ ಸುತ್ತು ಮುಗಿಯುವಾಗ ಅವಳು ದಾಳ ಕೆಳಗಿಟ್ಟು ಕೇಳಿದಳು: “ನಾನು ಬಾಗಿಲಲ್ಲಿ ನಿಲ್ಲೋದು ಈಗ ಯಾರಿಗೋಸ್ಕರ?” ಸಿಟ್ಟಿನ ಮಾತಾಗಿರಲಿಲ್ಲ, ನಿಜವಾದ ಪ್ರಶ್ನೆಯಾಗಿತ್ತು. ಅದೇ ಕಾಳಗದಲ್ಲಿ ಉಳಿದವರು ಫೈರ್‌ಬಾಲ್‌ಗಾಗಿ ಕಾದರು, ಅದು ಬರಲಿಲ್ಲ. ವಿಜರ್ಡ್ ಕೈಯಲ್ಲಿ ಮೂರನೇ ಹಂತದ ಸ್ಲಾಟ್ ಎರಡಿದ್ದವು, ಮೂರನೇ ಹಂತದ ಮಂತ್ರ ಒಂದೂ ಇರಲಿಲ್ಲ. ಆ ಸ್ಲಾಟಿನಲ್ಲಿ ಎರಡನೇ ಹಂತದ ಶ್ಯಾಟರ್ ಹಾಕಿದ. ಸರಾಸರಿ ಏಟು 18, ಹರಡುವುದು ಹತ್ತು ಅಡಿ ಸುತ್ತ. ಫೈರ್‌ಬಾಲ್ ಆಗಿದ್ದರೆ 28, ಇಪ್ಪತ್ತು ಅಡಿ ಸುತ್ತ. ಸಾಲಿನ ತುದಿಯಲ್ಲಿದ್ದ ಓರ್ಕ್‌ಗಳಿಗೆ ಏನೂ ತಾಗಲಿಲ್ಲ, ಅವು ಸುತ್ತುಬಳಸಿ ನಮ್ಮ ರೋಗ್ ಮೇಲೆ ಬಿದ್ದವು.

ಆ ಒಂದು ಲೆವೆಲ್ಲಿನಿಂದ ಆದದ್ದನ್ನು ಬಿಡಿಸಿ ನೋಡಿ. ಲಾಭ ವಿಜರ್ಡ್ ಒಬ್ಬನದೇ, ಅವನ ಮೈಗೆ ಬೀಳುವ ಏಟು ಕಡಿಮೆಯಾಯಿತು. ನಷ್ಟ ಎಲ್ಲರದೂ: ಬರಬೇಕಾದ ಮಂತ್ರ ತಡವಾಯಿತು, ಬಾಗಿಲು ಕಾಯುವವಳ ಕೆಲಸದ ಅರ್ಥ ಸವೆಯಿತು. ಹಾನಿಯ ಲೆಕ್ಕ, ರಕ್ಷಣೆಯ ಲೆಕ್ಕ ಒಂದು ಪಾತ್ರದ ಹಾಳೆಯಲ್ಲಿ ಮುಗಿದುಹೋಗುತ್ತವೆ. ಈ ನಷ್ಟ ಕಾಣಬೇಕಾದರೆ ಪಕ್ಕದವರ ಹಾಳೆಗಳನ್ನೂ ತೆರೆಯಬೇಕು. ಅದಕ್ಕೇ ಒಬ್ಬರೇ ಕೂತು ಮಾಡುವ ಲೆಕ್ಕದಲ್ಲಿ ಕವಚದ ಮಿಶ್ರಣ ಸದಾ ಗೆಲ್ಲುತ್ತದೆ.

ಆದರೆ ಅದೇ ಒಂದು ಲೆವೆಲ್ ಕ್ಲೆರಿಕ್ ಇನ್ನೊಂದು ಬಗೆಯಲ್ಲೂ ಬಳಕೆಗೆ ಬರುತ್ತದೆ. ಹೀಲಿಂಗ್ ವರ್ಡ್ ಎಂಬ ಮೊದಲ ಹಂತದ ಮಂತ್ರ ಅರವತ್ತು ಅಡಿ ದೂರದಲ್ಲಿ ನೆಲಕ್ಕೆ ಬಿದ್ದವರನ್ನು ಎಬ್ಬಿಸುತ್ತದೆ, ಅದೂ ಆ ಸರದಿಯ ಮುಖ್ಯ ಕೆಲಸಕ್ಕೆ ಅಡ್ಡಬಾರದ ಹಾಗೆ. ಮಾಯುವ ಗಾಯ ಅಲ್ಪ, ಆದರೆ ಬಿದ್ದಿದ್ದ ಫೈಟರ್ ಎದ್ದು ತನ್ನ ಸರದಿ ಆಡುತ್ತಾಳೆ, ಮೇಜಿನ ಬಳಿ ಸುಮ್ಮನೆ ಕೂತಿದ್ದವಳಿಗೆ ದಾಳ ಮತ್ತೆ ಸಿಗುತ್ತದೆ. ಬ್ಲೆಸ್ ಮಂತ್ರ ಮೂವರ ದಾಳಿಗೆ ಬಲ ತುಂಬುತ್ತದೆ. ಇದಕ್ಕೆಂದು ಕ್ಲೆರಿಕ್ ಲೆವೆಲ್ ಹಿಡಿದ ವಿಜರ್ಡ್ ಫೈರ್‌ಬಾಲ್ ತಡಮಾಡಿದರೂ ಯಾರೂ ಗೊಣಗುವುದಿಲ್ಲ. ನಿಯಮಪುಸ್ತಕದ ಕಣ್ಣಿಗೆ ಈ ಇಬ್ಬರೂ ಒಂದೇ. ಗೆಳೆಯರ ಕಣ್ಣಿಗೆ ಬೇರೆ ಬೇರೆ ಮನುಷ್ಯರು.

ಹಂಗು ಹೆಚ್ಚಿಸುವ ಮಿಶ್ರಣಕ್ಕೆ ನನಗೆ ಅತಿ ಇಷ್ಟವಾದ ಉದಾಹರಣೆ ಪ್ಯಾಲಡಿನ್ ಮತ್ತು ಸಾರ್ಸರರ್ ಜೋಡಿ. ಎರಡಕ್ಕೂ ಕರಿಷ್ಮಾ ಗುಣವೇ ಆಧಾರ. 2014ರ ನಿಯಮದಲ್ಲಿ ಪ್ಯಾಲಡಿನ್ ಕತ್ತಿ ತಾಗಿದ ಕ್ಷಣದಲ್ಲಿ ಒಂದು ಸ್ಲಾಟ್ ಸುಟ್ಟು ಏಟನ್ನು ಹೆಚ್ಚಿಸಬಹುದು; ಮೊದಲ ಹಂತದ ಸ್ಲಾಟಿಗೆ ಎಂಟು ಮುಖದ ದಾಳ ಎರಡು, ಗರಿಷ್ಠ ಐದು. ಆ ಸ್ಲಾಟ್ ಯಾವ ಕ್ಲಾಸಿನಿಂದ ಬಂದರೂ ನಡೆಯುತ್ತದೆ, ಆದ್ದರಿಂದ ಸಾರ್ಸರರ್ ಲೆವೆಲ್‌ಗಳು ಕತ್ತಿಗೆ ಇಂಧನವಾಗುತ್ತವೆ. ಆಟಗಾರರು ಇದನ್ನು ಏಟಿಗಾಗಿಯೇ ಹೊಗಳುತ್ತಾರೆ. ನಾನು ಮೆಚ್ಚುವುದು ಇನ್ನೊಂದನ್ನು. ಆರನೇ ಲೆವೆಲ್ ಪ್ಯಾಲಡಿನ್‌ನ ಹತ್ತು ಅಡಿ ಸುತ್ತಲಿರುವ ಗೆಳೆಯರಿಗೆಲ್ಲ ಆಪತ್ತು ತಪ್ಪಿಸಿಕೊಳ್ಳುವ ದಾಳಕ್ಕೆ ಅವನ ಕರಿಷ್ಮಾ ಬಲ ಕೂಡುತ್ತದೆ. ಅದಕ್ಕಾಗಿ ಅವನು ಗೆಳೆಯರ ನಡುವೆಯೇ ನಿಲ್ಲಬೇಕು, ಅವರೂ ಅವನ ಹತ್ತಿರ ಉಳಿಯಬೇಕು. ಮಂತ್ರ ಹಾಕುವವನು ದೂರದಿಂದ ಎದ್ದು ಬಂದು ಎಲ್ಲರ ಮಧ್ಯೆ ಪ್ರಾಣ ಪಣಕ್ಕಿಟ್ಟ ಹಾಗಾಯಿತು. ಬೆಲೆಯೂ ಸಣ್ಣದಲ್ಲ. ಆರು ಲೆವೆಲ್ ಪ್ಯಾಲಡಿನ್, ಆರು ಲೆವೆಲ್ ಸಾರ್ಸರರ್ ಆದವನು ಹನ್ನೆರಡನೇ ಲೆವೆಲ್ಲಿನಲ್ಲೂ ಮೂರನೇ ಹಂತದ ಮಂತ್ರಗಳಲ್ಲೇ ಇರುತ್ತಾನೆ. ಬರೀ ಸಾರ್ಸರರ್ ಆರನೆಯದನ್ನು ಮುಟ್ಟಿರುತ್ತಾನೆ.

ಇನ್ನೊಂದು ತುದಿಯಲ್ಲಿ ಸಾರ್ಸರರ್ ಮತ್ತು ವಾರ್‌ಲಾಕ್ ಸೇರಿಸಿ ಮಾಡುವ, ಆಟಗಾರರು ಕಾಫಿಲಾಕ್ ಎಂದು ಕರೆಯುವ ತಂತ್ರವಿದೆ. ವಾರ್‌ಲಾಕ್‌ನ ಸ್ಲಾಟ್‌ಗಳು ಒಂದು ಗಂಟೆಯ ವಿಶ್ರಾಂತಿಗೇ ಮರಳಿ ಬರುತ್ತವೆ. ಅವನ್ನು ಸಾರ್ಸರರ್ ಶಕ್ತಿಯಾಗಿ, ಆ ಶಕ್ತಿಯನ್ನು ಮತ್ತೆ ಸ್ಲಾಟ್ ಆಗಿ ಬದಲಿಸುತ್ತ, ರಾತ್ರಿ ಮಲಗದೆ ರಾಶಿ ಹಾಕುತ್ತ ಹೋಗುವುದು. 2017ರ ಪೂರಕ ಪುಸ್ತಕವೊಂದು ದೀರ್ಘ ವಿಶ್ರಾಂತಿ ಬಿಟ್ಟವರಿಗೆ ಬಳಲಿಕೆಯ ನಿಯಮ ತಂದು ಇದಕ್ಕೆ ತಡೆಯೊಡ್ಡಿತು. ಇದರ ಬಗ್ಗೆ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. ಉಳಿದವರು ಮಲಗಿರುವಾಗ ಒಬ್ಬನೇ ಆಡುವ ಆಟ ಅದು.

ಈ ವಾದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ಕಥೆಗಳಿಂದ ಬರುತ್ತದೆ. ಟಾಲ್ಕೀನ್‌ರ ಗ್ಯಾಂಡಾಲ್ಫ್ ಮಾಂತ್ರಿಕನಾಗಿಯೂ ಕತ್ತಿ ಹಿಡಿಯುತ್ತಾನಲ್ಲ? ಭಾರತದ ಕಥೆ ಕೇಳಿ ಬೆಳೆದ ನಮಗಂತೂ ಮಂತ್ರ ಬಲ್ಲವನು ಬಿಲ್ಲು ಹಿಡಿಯಬಾರದು ಎಂಬುದೇ ವಿಚಿತ್ರ. ದ್ರೋಣ, ಪರಶುರಾಮ, ಅಶ್ವತ್ಥಾಮರು ಎರಡನ್ನೂ ಬಲ್ಲವರು. ನಿಜ. ಆದರೆ ಆ ಕಥೆಗಳಲ್ಲಿ ಗ್ಯಾಂಡಾಲ್ಫ್ ಯಾವಾಗ ಮರೆಗೆ ಸರಿಯಬೇಕು, ದ್ರೋಣ ಯಾವಾಗ ಶಸ್ತ್ರ ಕೆಳಗಿಡಬೇಕು ಎಂಬುದನ್ನು ಕವಿ ತೀರ್ಮಾನಿಸುತ್ತಾನೆ. ಎಲ್ಲವನ್ನೂ ಬಲ್ಲ ಒಬ್ಬನಿದ್ದರೂ ಉಳಿದವರಿಗೆ ಜಾಗ ಮಾಡಿಕೊಡುವ ಕೈ ಅಲ್ಲಿದೆ. ಮೇಜಿನ ಆಟದಲ್ಲಿ ಆ ಕೈ ಐದು ಜನರಿಗೆ ಹಂಚಿಹೋಗಿರುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಎಲ್ಲ ಮೇಜಿನಲ್ಲೂ ಐದು ಜನ ಇರುವುದಿಲ್ಲ. ಇಬ್ಬರೇ ಆಟಗಾರರು, ಒಬ್ಬ ಡಿಎಂ ಇರುವ ಕಡೆ ಗಾಯ ಮಾಯಿಸುವವರೂ ಇಲ್ಲ, ಬಾಗಿಲು ಕಾಯುವವರೂ ಇಲ್ಲ. ಅಲ್ಲಿ ವಿಜರ್ಡ್ ಕವಚ ತೊಟ್ಟರೆ ಯಾರ ಕೆಲಸವನ್ನೂ ಕಸಿದಂತಾಗುವುದಿಲ್ಲ, ಖಾಲಿ ಬಿದ್ದ ಜಾಗ ತುಂಬಿದಂತಾಗುತ್ತದೆ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪುವುದರಿಂದ ವಾದ ಸಡಿಲವಾಗುವುದೂ ಇಲ್ಲ, ಏಕೆಂದರೆ ಇಲ್ಲಿಯೂ ಅಳತೆಗೋಲು ಅದೇ: ಮೇಜಿನ ಸುತ್ತ ಯಾರಿದ್ದಾರೆ, ಅವರಿಗೆ ಏನು ಉಳಿಯುತ್ತದೆ.

ಕವಚದ ಮಿಶ್ರಣ ಇಷ್ಟು ಹಬ್ಬಲು ಕಂಪ್ಯೂಟರ್ ಆಟವೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2023ರಲ್ಲಿ ಹೊರತಂದ ಬಾಲ್ಡರ್ಸ್ ಗೇಟ್ 3 ಐದನೇ ಆವೃತ್ತಿಯ ನಿಯಮಗಳ ಮೇಲೆಯೇ ನಿಂತಿದೆ. ನಮ್ಮಲ್ಲೂ ಎಷ್ಟೋ ಹುಡುಗ ಹುಡುಗಿಯರು ಮೇಜಿಗೆ ಬರುವ ಮೊದಲು ಅದನ್ನು ಆಡಿರುತ್ತಾರೆ. ಅದರಲ್ಲಿ ಮಲ್ಟಿಕ್ಲಾಸ್‌ಗೆ 13ರ ಗುಣದ ನಿಬಂಧನೆಯಿಲ್ಲ, ಲೆವೆಲ್ 12ಕ್ಕೆ ನಿಲ್ಲುತ್ತದೆ. ಒಂದೇ ಲೆವೆಲ್ ವಿಜರ್ಡ್ ಸೇರಿಸಿಕೊಂಡ ಕ್ಲೆರಿಕ್ ಕೂಡ, ಸ್ಲಾಟ್ ಇರುವಷ್ಟು ಹಂತದ ಸುರುಳಿಗಳಿಂದ ವಿಜರ್ಡ್ ಮಂತ್ರ ನಕಲು ಮಾಡಿಕೊಳ್ಳಬಹುದು. ಮೇಜಿನ ನಿಯಮ ಬಿಗಿಯಾಗಿ ಕಾಯುವ ಆ ಬಾಗಿಲು ಅಲ್ಲಿ ತೆರೆದೇ ಇದೆ. ಇದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಒಬ್ಬರೇ ಕೂತು ನಾಲ್ಕೂ ಪಾತ್ರಗಳನ್ನು ನಡೆಸುವಾಗ ಫೈಟರ್‌ಗೆ ಬೇಸರವಾಗುವ ಮಾತೇ ಇಲ್ಲ. ಆ ಅಭ್ಯಾಸವನ್ನು ಹಾಗೆಯೇ ಎತ್ತಿ ಮನುಷ್ಯರ ನಡುವೆ ತಂದಾಗ ತೊಡಕು ಶುರುವಾಗುತ್ತದೆ.

2024ರ ಪರಿಷ್ಕೃತ ಪುಸ್ತಕ ಒಂದು ಒಳ್ಳೆಯ ಕೆಲಸ ಮಾಡಿದೆ. ಎಲ್ಲ ಕ್ಲಾಸುಗಳ ಸಬ್‌ಕ್ಲಾಸ್, ಅಂದರೆ ಕ್ಲಾಸಿನೊಳಗಿನ ವಿಶೇಷ ಶಾಖೆ, ಈಗ ಮೂರನೇ ಲೆವೆಲ್ಲಿಗೇ ಸಿಗುವುದು, ಹಾಗಾಗಿ ಒಂದು ಲೆವೆಲ್ ಕೊಟ್ಟು ಇನ್ನೊಂದು ಕ್ಲಾಸಿನ ಸಾರ ಹೀರಿಕೊಳ್ಳುವುದು ಕಡಿಮೆಯಾಗಿದೆ. ಪ್ಯಾಲಡಿನ್, ರೇಂಜರ್ ಲೆವೆಲ್‌ಗಳನ್ನು ಅರ್ಧಮಾಡುವಾಗ ಮೇಲಕ್ಕೆ ಪೂರ್ಣಗೊಳಿಸುವುದರಿಂದ ಅವರೊಡನೆ ಬೆರೆಯುವವರಿಗೆ ಸ್ವಲ್ಪ ಲಾಭವೂ ಇದೆ. ಆದರೆ ಒಂದು ಲೆವೆಲ್ ಕ್ಲೆರಿಕ್ ಹಿಡಿದು ಕವಚ, ಗುರಾಣಿ ಪಡೆಯುವ ದಾರಿ ಇನ್ನೂ ತೆರೆದೇ ಇದೆ. ಅದನ್ನು ಮುಚ್ಚುವುದು ನಿಯಮಪುಸ್ತಕದ ಕೆಲಸ ಎಂದು ನಾನು ಭಾವಿಸುವುದೂ ಇಲ್ಲ. ಇಬ್ಬರು ಆಡುವ ಮೇಜಿಗೆ ಆ ದಾರಿ ಬೇಕು.

ಮಾಡಬಹುದಾದದ್ದು ಡಿಎಂ ಕೈಯಲ್ಲಿದೆ. ಮಲ್ಟಿಕ್ಲಾಸ್ ಬೇಡವೆಂದು ನಿಷೇಧ ಹಾಕುವುದಕ್ಕಿಂತ, ಆಟಗಾರ ಕವಚ ಕೇಳಿದಾಗ ಯಾಕೆ ಕೇಳುತ್ತಿದ್ದಾನೆ ಎಂದು ವಿಚಾರಿಸುವುದು ಮೇಲು. ಗಾಯ ಮಾಯಿಸುವ ಮಂತ್ರದ ಆಸೆಯಾದರೆ ಮ್ಯಾಜಿಕ್ ಇನಿಶಿಯೇಟ್ ಎಂಬ ಫೀಟ್, ಅಂದರೆ ಕ್ಲಾಸಿನ ಹೊರಗೆ ಸಿಗುವ ಹೆಚ್ಚುವರಿ ಸಾಮರ್ಥ್ಯ, ಸಾಕು. ಕ್ಲೆರಿಕ್‌ನ ಒಂದು ಮೊದಲ ಹಂತದ ಮಂತ್ರ, ಎರಡು ಚಿಕ್ಕ ಮಂತ್ರಗಳು ಒಂದು ಲೆವೆಲ್ಲೂ ಕಳೆದುಕೊಳ್ಳದೆ ಸಿಗುತ್ತವೆ. ಮಿಶ್ರಣವೇ ಬೇಕೆಂದರೆ ಐದನೇ ಲೆವೆಲ್ ವಿಜರ್ಡ್ ಆದ ಮೇಲೆ ಮಾಡಲಿ, ಫೈರ್‌ಬಾಲ್‌ಗೆ ಕಾದವರು ಇನ್ನಷ್ಟು ಕಾಯುವುದು ತಪ್ಪುತ್ತದೆ. ಅದಕ್ಕೂ ಮುಂಚೆ ಫೈಟರ್ ಆಡುವವರ ಜೊತೆ ಒಂದು ಮಾತಾಡಲಿ. ಪ್ರತಿ ಕಾಳಗದಲ್ಲೂ ಬಾಣಗಳೆಲ್ಲ ತನ್ನತ್ತಲೇ ಬರುತ್ತವೆ, ಆಟ ಅರ್ಧವಾಗುವ ಮೊದಲೇ ನೆಲಕ್ಕೆ ಬೀಳುತ್ತೇನೆ ಎಂಬುದು ವಿಜರ್ಡ್‌ನ ದೂರಾದರೆ, ಡಿಎಂ ಮೊದಲು ತನ್ನ ಬಿಲ್ಲುಗಾರರನ್ನು ಎಲ್ಲಿ ನಿಲ್ಲಿಸುತ್ತಿದ್ದೇನೆ ಎಂದು ನೋಡಿಕೊಳ್ಳಬೇಕು. ಅವರ ದಾರಿಗೆ ಒಂದು ಬಾಗಿಲು, ಒಂದು ಕಿರಿದಾದ ಸೇತುವೆ, ಫೈಟರ್ ಅಡ್ಡ ನಿಲ್ಲಬಹುದಾದ ಒಂದು ತಾಣ ಇಟ್ಟು ಮುಂದಿನ ವಾರದ ನಕ್ಷೆ ಬರೆಯಬೇಕು.